ಕಸ್ತೂರೆವ್ವನ ಚಾಕುವಿನ ಮುಕ್ಕು

ಘಟಪ್ರಭೆಯ ಮೇಲ್ದಂಡೆ
ಹದಿಮೂರನೆಯ ತಿಂಗಳು, ಮೂವತ್ತೆಂಟನೆಯ ದಿನ, 2291

ನನ್ನ ಅಜ್ಜಿಯ ಅಜ್ಜಿಗಿಂತಲೂ ಹಿರಿಯಳಾದ ಕಸ್ತೂರೆವ್ವ ಆಯಿಗೆ, ನಿನ್ನ ಮನೆತನದ ಇಂದ್ರವ್ವ ಮಾಡುವ ಶರಣಾರ್ಥಿ.

ಮೇಲಿನ ತಾರೀಖು ನೋಡಿ ಈಕೆಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ಬಿಸಿಲು ವಿಪರೀತವಾದ ಮೇಲೆ ನಮ್ಮ ಹಿರಿಯರು ಬೇಸಿಗೆಗೆಂದೇ ನಲವತ್ತು ದಿನಗಳ ಒಂದು ತಿಂಗಳು ಸೇರಿಸಿದರು. ಆ ತಿಂಗಳಲ್ಲಿ ಮಧ್ಯಾಹ್ನ ಯಾರೂ ಹೊಸ್ತಿಲು ದಾಟುವುದಿಲ್ಲ, ಹೀಗಾಗಿ ಕಾಗದ ಬರೆಯಲು ಪುರುಸೊತ್ತು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನಮ್ಮಲ್ಲಿ ಹಿಂದಂಚೆ ಎಂಬುದಿದೆ, ಕಳೆದ ಕಾಲಕ್ಕೆ ಹೋಗುವ ಅಂಚೆ. ಜನ್ಮಕ್ಕೆ ಒಬ್ಬರಿಗೆ ಒಂದೇ ಕಾಗದ. ಅದು ಮುಟ್ಟುತ್ತದೋ ಇಲ್ಲವೋ ಯಾರೂ ಕಂಡಿಲ್ಲ. ಹೆಚ್ಚಿನವರು ಅದನ್ನು ನಿಮ್ಮ ಕಾಲದವರನ್ನು ಬೈಯಲಿಕ್ಕೇ ಬಳಸುತ್ತಾರೆ: ಹೊಳೆ ಯಾಕೆ ಕೆಡಿಸಿದಿರಿ, ಗಿಡ ಯಾಕೆ ಕಡಿದಿರಿ ಎಂದು. ಬೈಯುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ. ಆದರೂ ನನ್ನ ಪಾಲಿನ ಕಾಗದವನ್ನು ನಿನ್ನ ಮಡಚುವ ಚಾಕುವಿಗಾಗಿ ಖರ್ಚು ಮಾಡುತ್ತಿದ್ದೇನೆ.

ನೀನು ಬಸ್ ನಿಲ್ದಾಣದ ಮುಂದೆ ಪೇರಲಹಣ್ಣು ಕೊಯ್ದು ಉಪ್ಪು ಖಾರ ಹಚ್ಚಿ ಮಾರುತ್ತಿದ್ದೆ, ಚಾಕುವನ್ನು ಎಲೆಯಡಿಕೆಯ ಚಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ ಎಂಬಷ್ಟೇ ನಮಗೆ ಗೊತ್ತು. ಆ ಚಂಚಿಯೂ ಈಗಿಲ್ಲ, ಆ ಎಲೆಯಡಿಕೆಯೂ ಇಲ್ಲ. ಚಾಕು ಮಾತ್ರ ನನ್ನ ಸೊಂಟದಲ್ಲಿದೆ. ಕರಿಜಾಲಿಯ ಹಿಡಿ ಎರಡು ಸಲ ಬದಲಾಗಿದೆ. ಅಲಗು ಸವೆದು ಗರಿಯಷ್ಟು ತೆಳ್ಳಗಾದಾಗಲೆಲ್ಲ ಹೊಸದು ಹಾಕಿಸಿದ್ದೇವೆ. ಆದರೂ ಅದು ಕಸ್ತೂರೆವ್ವನ ಚಾಕುವೇ. ಅದನ್ನು ಬಿಚ್ಚಿ ಯಾರ ಕೈಗೂ ಕೊಡುವುದಿಲ್ಲ, ಮಡಚಿಯೇ ಕೊಡಬೇಕು. ಇಸಿದುಕೊಂಡವರು ಒರೆಸಿ, ಮಡಚಿ ತಿರುಗಿ ಕೊಡಬೇಕು. ಕೊಯ್ದ ಹಣ್ಣಾದರೆ ಒಂದು ಹೋಳು ಚಾಕುವಿನವರಿಗೆ. ಈ ಒಂದು ಹೋಳಿನ ನೆವದಲ್ಲಿ ನಾನು ಎಷ್ಟು ಜನರ ಕಟ್ಟೆಯ ಮೇಲೆ ಕೂತು ಹರಟೆ ಹೊಡೆದಿದ್ದೇನೋ ಲೆಕ್ಕವಿಲ್ಲ.

ಈಗಿನ ಹುಡುಗರಿಗೆ ಚಾಕು ಎಂದರೆ ನಗೆ. ಅವರಿಗೆ ಎಲ್ಲವೂ ದನಿಪೊರೆಯಲ್ಲಿ ಬರುತ್ತದೆ. ಅದು ಕಾಗದದಂಥ ಹೊದಿಕೆ, ಒಡೆಯನ ದನಿ ಕೇಳಿದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನೆಗಡಿಯಾಗಿ ಗಂಟಲು ಕಟ್ಟಿತೋ, ಮುಗಿಯಿತು ಕತೆ. ರೊಟ್ಟಿ ಕಣ್ಣೆದುರಿಗೇ ಇದೆ, ಬಾಯಿಗಿಲ್ಲ! ಹೋದ ಚಳಿಗಾಲದಲ್ಲಿ ನಾನು ಹಾಗೆ ಒಂದು ರೊಟ್ಟಿಯ ಕಟ್ಟಿಗೆ ಹಿಡಿಶಾಪ ಹಾಕುತ್ತ ಕೂತು, ಕೊನೆಗೆ ನಿನ್ನ ಚಾಕು ತೆಗೆದು ಊಟ ಮಾಡಿದೆ. ನನ್ನ ಮೊಮ್ಮಗಳು ಸಾವಂತ್ರಿ ಬಿದ್ದು ಬಿದ್ದು ನಕ್ಕಳು. "ಆಯಿ, ಆ ಮುದಿ ಚಾಕು ಮ್ಯೂಸಿಯಂದಾಗ ಇಡು" ಎಂದಳು.

ಆ ಚಾಕುವಿನ ಅಂಚಿನಲ್ಲಿ, ಮೊನೆಗೆ ಸಮೀಪ, ಒಂದು ಸಣ್ಣ ಕಚ್ಚು ಇದೆ. ನಾವು ಅದನ್ನು ಹಲ್ಲು ಎನ್ನುತ್ತೇವೆ. ಯಾವುದೋ ಕೆಲಸಕ್ಕೆಂದು ನೀನೇ ಮಾಡಿಸಿದ್ದೆಂದು ತಿಳಿದು, ಹೊಸ ಅಲಗು ಹಾಕಿಸಿದಾಗಲೆಲ್ಲ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಹಲ್ಲು ಕೊರೆಸಿದ್ದೇವೆ. ಒಮ್ಮೆ ಕಮ್ಮಾರ ಮೌನೇಶನ ಅಜ್ಜ ನೀಟಾಗಿ ನೇರ ಅಲಗು ಮಾಡಿ ತಂದನಂತೆ. "ಹಲ್ಲಿಲ್ಲದ ಚಾಕು ನಮ್ಮ ಮನೀದಲ್ಲ, ತಿರುಗಿ ಒಯ್ಯಿ" ಎಂದು ನನ್ನ ಅಜ್ಜಿ ಅವನನ್ನು ಅಂಗಳದಿಂದಲೇ ಓಡಿಸಿದಳು.

ಇನ್ನು ನಾನು ಹೇಳಬೇಕಾದ ಸಂಗತಿ. ಹೋದ ವಾರ ನಾನೂ ಸಾವಂತ್ರಿಯೂ ಹೊಳೆ ದಾಟಲು ತೂಗುಪೆಟ್ಟಿಗೆ ಹತ್ತಿದೆವು. ಅದು ಹಗ್ಗದ ಮೇಲೆ ಆಚೆ ದಂಡೆಗೆ ಹೋಗುವ ಗಾಡಿ. ಅದರಲ್ಲಿ ಕೂತವರು ಎದೆಪಟ್ಟಿ ಬಿಗಿದುಕೊಳ್ಳಬೇಕು; ಅದೂ ಕಟ್ಟಿಕೊಂಡವರ ದನಿಗೇ ಬಿಚ್ಚುವಂಥದ್ದು. ಗಾಡಿ ಹೊರಟಿತು, ಸಾವಂತ್ರಿಯ ಪಟ್ಟಿಯ ತುದಿ ಗಾಲಿಗೆ ಸಿಕ್ಕಿತು, ಪಟ್ಟಿ ಎದೆಯಿಂದ ಜಾರಿ ಅವಳ ಕುತ್ತಿಗೆಗೆ ಬಿಗಿಯಿತು. ಗಾಡಿಯನ್ನೇನೋ ನಿಲ್ಲಿಸಿದರು. ಪಟ್ಟಿ ಸಡಿಲಾಗಲಿಲ್ಲ. "ಬಿಚ್ಚು, ಬಿಚ್ಚು" ಎಂದು ಎಲ್ಲರೂ ಕಿರುಚಿದರು. ಅದಕ್ಕೆ ಬೇಕಾದದ್ದು ಸಾವಂತ್ರಿಯ ದನಿ, ಅವಳಿಗೋ ಉಸಿರೇ ಇಲ್ಲ. ಅವಳ ಮುಖ ಕಪ್ಪಿಡುತ್ತಿತ್ತು. ನಾನು ಚಾಕು ಬಿಚ್ಚಿದೆ. ಪಟ್ಟಿ ಒದ್ದೆಯಾಗಿತ್ತು, ಅಲಗು ಅದರ ಮೇಲೆ ಜಾರಿತು, ಮತ್ತೆ ಜಾರಿತು. ಆಗ ಹಲ್ಲು ಒಂದು ಎಳೆಯನ್ನು ಕಚ್ಚಿ ಹಿಡಿಯಿತು. ಎಳೆದೆ. ಪಟ್ಟಿ ಚರಕ್ಕನೆ ಹರಿಯಿತು.

ಮರುದಿನ ನಾನು ಮೌನೇಶನ ಬಳಿ ಹೋಗಿ, ಕಸ್ತೂರೆವ್ವ ಎಂಥ ಜಾಣೆ ನೋಡು ಎಂದು ಹೆಮ್ಮೆಪಟ್ಟೆ. ಗೋಡೆಯ ಮಾಡದಲ್ಲಿ ಅರಿಶಿನ ಹಚ್ಚಿ ಇಟ್ಟಿದ್ದ ನಿನ್ನ ಮೊದಲನೆಯ ಅಲಗನ್ನೂ ಒಯ್ದಿದ್ದೆ. ಅವನು ಅದನ್ನು ಬೆಳಕಿಗೆ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯ ಇಂದ್ರವ್ವಾ, ಇದು ಹಲ್ಲಲ್ಲ, ಮುಕ್ಕು! ಆ ಪುಣ್ಯಾತ್ಗಿತ್ತಿ ಯಾವುದೋ ಡಬ್ಬಿ ಮುಚ್ಚಳ ಮೀಟಾಕ ಹೋಗಿ ಮುರಕೊಂಡಾಳ. ನಮ್ಮ ಅಜ್ಜಂದಿರು ಆ ಮುಕ್ಕನ್ನ ಇಷ್ಟು ಕಾಲ ನಾಜೂಕಾಗಿ ಕೊರದು ಕೊಟ್ಟಾರ!" ನಾನೂ ನಕ್ಕೆ. ನಗುತ್ತ ನಗುತ್ತ ಅಲ್ಲೇ ಕೂತು ಅತ್ತೆ.

ಆಯಿ, ಈ ಕಾಗದ ಯಾವ ದಿನ ನಿನ್ನ ಕೈ ಸೇರುತ್ತದೋ ಗೊತ್ತಿಲ್ಲ. ಖಾರದ ಡಬ್ಬಿಯ ಮುಚ್ಚಳ ಮೀಟಿ ಅಲಗು ಈಗಷ್ಟೇ ಮುಕ್ಕಾಗಿದ್ದರೆ, ನಿನಗೆ ಸಿಟ್ಟು ಬಂದಿರುತ್ತದೆ. ಸಾಣೆಯವನಿಗೆ ಕೊಟ್ಟು ತಿಕ್ಕಿಸಿಬಿಡಲೇ, ಚರಂಡಿಗೆ ಎಸೆದು ಸಂತೆಯಲ್ಲಿ ಹೊಸದು ಕೊಳ್ಳಲೇ ಎನ್ನಿಸುತ್ತಿರುತ್ತದೆ. ಬೇಡ ಆಯಿ, ನಿನ್ನ ಕಾಲಿಗೆ ಬೀಳುತ್ತೇನೆ. ಅದನ್ನು ಹಾಗೆಯೇ ಸೆರಗಿಗೆ ಒರೆಸು, ಮಡಚು, ಚಂಚಿಗೆ ಹಾಕಿಕೋ, ಮುಂದಿನ ಹಣ್ಣು ಕೊಯ್ಯಿ. ಸಾವಂತ್ರಿ ಇಲ್ಲೇ ನನ್ನ ಮಗ್ಗುಲಲ್ಲಿ ಕೂತು ಆ ಚಾಕುವಿನಿಂದ ಪೇರಲ ಕೊಯ್ಯುತ್ತಿದ್ದಾಳೆ. ಕುತ್ತಿಗೆಯ ಬಾಸುಂಡೆ ಇನ್ನೂ ಮಾಸಿಲ್ಲ, ದನಿಯೂ ಒಡಕು. ಆ ಒಡಕು ದನಿಯಲ್ಲೇ, ಒಂದು ಹೋಳು ನಿನ್ನ ಹೆಸರಿನಲ್ಲಿ ಎತ್ತಿಟ್ಟಿದ್ದೇನೆಂದು ಬರೆ ಎನ್ನುತ್ತಿದ್ದಾಳೆ.