ಸಾಧು ಹಸುವಿನ ರಕ್ತ

ಕ್ಯಾಂಪ್: ನಿಟ್ಟೂರು
೧೧-೩-೧೯೬೬

ಪ್ರೀತಿಯ ಗುತ್ಯಕ್ಕನಿಗೆ,

ತಿಂಗಳು ತುಂಬುವ ಮೊದಲೇ ಕಂದು ಹಾಕಿದ ದನವನ್ನು ಹೊರಗಿನವರ ಕಣ್ಣಿಗೆ ಬೀಳಿಸಬಾರದು ಎಂದೋ, ಅದರ ಸುದ್ದಿಯನ್ನೇ ಎತ್ತಬಾರದು ಎಂದೋ, ನಿಮ್ಮ ದನಗಳ ರಕ್ತ ತೆಗೆಯಲು ನಾನು ಬಂದ ದಿನ ನೀನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಏನೋ ಅಂದೆಯಲ್ಲ, ಸರಿಯಾಗಿ ನೆನಪಾಗುತ್ತಿಲ್ಲ. ಸಿರಿಂಜು ತೊಳೆಯುತ್ತಿದ್ದ ನಾನು ಅರ್ಧ ಮಾತ್ರ ಕೇಳಿಸಿಕೊಂಡೆ. ಈಗ ಹೇಗಿದ್ದೀ, ಮೊದಲು ಅದನ್ನು ತಿಳಿಸು. ಸಂಜೆಯಾದರೆ ಜ್ವರ, ಬೆಳಗಿನ ಜಾವ ಬೆವರು, ಸೊಂಟ ಹಿಡಿದು ಏಳಲಿಕ್ಕಾಗುವುದಿಲ್ಲ, ತಿಂಗಳ ಮೇಲಾಯಿತು ಎಂದು ಭಾವ ತೀರ್ಥಹಳ್ಳಿಯಿಂದ ಬರೆದಿದ್ದಾರೆ. ಅದನ್ನು ಓದಿದಂದಿನಿಂದ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ದನ ಕಂದು ಹಾಕುವ ಈ ರೋಗ ಹಸಿ ಹಾಲಿನಿಂದ, ಕರುವಿನ ಹಿಂದೆ ಬೀಳುವ ಮಾಸು ಮುಟ್ಟಿದ ಕೈಯಿಂದ ಮನುಷ್ಯರಿಗೂ ಬರುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ನೂರಕ್ಕೆ ಎಷ್ಟು ದನಕ್ಕೆ ಅದು ತಗಲಿದೆ ಎಂದು ತಿಳಿಯಲು ನಾನು ಆರುನೂರು ದನಗಳ ರಕ್ತ ತೆಗೆದು ನಮ್ಮ ಪಶುವೈದ್ಯ ಇಲಾಖೆಗೆ ಕಳಿಸಬೇಕು. ಜನ ಸಿಟ್ಟಿನಿಂದ ಅಡ್ಡ ಬಂದಿದ್ದರೆ ಎದುರಿಸಬಹುದಿತ್ತು. ಇವರು ಉಪಚಾರ ಮಾಡಿ ಕೆಡಿಸುತ್ತಾರೆ. ಮೊನ್ನೆ ಇಲ್ಲಿನ ಚಂದ್ರಯ್ಯ ಎಂಬ ಯಜಮಾನ ಬೆಲ್ಲ ನೀರು ಕೊಟ್ಟು, ಕೇರಿಯ ದನಗಳನ್ನು ಒಂದೊಂದಾಗಿ ಹಿಡಿದು ತಂದ. ಎಲ್ಲವೂ ಗಿಡ್ಡ, ಎಲ್ಲವೂ ಕಪ್ಪು. ಒಂಬತ್ತನೆಯದರ ಕುತ್ತಿಗೆ ಸವರಿದರೆ ನನ್ನ ಬೆರಳಿಗೆ ಹಸಿ ರಕ್ತ ಹತ್ತಿತು. ಒಂದೇ ಹಸು ಮನೆಯ ಹಿಂದಿನಿಂದ ಸುತ್ತು ಹಾಕಿ ಮೂರನೆಯ ಸಲ ಬಂದು ನಿಂತಿತ್ತು! "ಉಳ್ದವು ಒದೀತಾವೆ ಇನ್ಸ್‌ಪೆಕ್ಟ್ರೇ, ಇದು ಸಾಧು. ನಿಮ್ಗೆ ಬೇಕಾಗಿದ್ದು ರಕ್ತ ಅಲ್ದಾ, ಯಾವ್ದಾದ್ರೆ ಎಂತ?" ಎಂದ. ಒಳಗಿನಿಂದ ಅವನ ಹೆಂಡತಿ ಹಾಲಮ್ಮ, "ಪಾಪದ್ದು ಅಂತ ಅದ್ಕೇ ಎಷ್ಟ್ ಸಲ ಚುಚ್ಚುಸ್ತೀರಿ? ಈ ಸಲ ನಿಮ್ ತೋಳು ಕೊಡಿ" ಎಂದಳು. ನಾನೂ ನಕ್ಕೆ. ಕಂದು ಹಾಕಿದ ದನಗಳು ಹಿತ್ತಿಲ ಕೊಟ್ಟಿಗೆಯಲ್ಲೇ ಉಳಿದವು.

ಮೊದಲು ಕಳಿಸಿದ್ದರ ವರದಿ ಬಂದಿದೆ: ನೂರಕ್ಕೆ ಎರಡು. ಮೇಲಿನವರಿಗೆ ಸಂತೋಷ. ಅಂಕಿ ಸುಳ್ಳು ಎಂದು ಹೇಳಹೋದರೆ, "ಸಹಿ ನಿಮ್ದೇ ಅಲ್ರೀ?" ಎಂದರು. ನನ್ನದೇ. ನಿಮ್ಮ ಮನೆಯ ದನದ ರಕ್ತದ ಬಾಟಲಿಯ ಚೀಟಿಯ ಮೇಲೂ ಇದೆ. ಅವತ್ತು ನೀನು ಹೊರಗೆ ಕಟ್ಟಿದ್ದು ಯಾವುದನ್ನು, ಒಳಗೆ ಉಳಿಸಿದ್ದು ಯಾವುದನ್ನು ಎಂದು ನನಗೆ ಗೊತ್ತಿತ್ತು. ಅಕ್ಕನ ಮನೆಯಲ್ಲಿ ಅಧಿಕಾರ ತೋರಿಸುವುದು ಬೇಡವೆಂದು ಸುಮ್ಮನಾದೆ. ಹಾಗೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಬಸ್ಸಿಗೆ ಹೊತ್ತಾಗಿತ್ತು.

ಹಾಲನ್ನು ಚೆನ್ನಾಗಿ ಕುದಿಸದೆ ಮನೆಯಲ್ಲಿ ಯಾರೂ ಕುಡಿಯಬೇಡಿ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ತಮ್ಮ,
ಹುಲಿಯಪ್ಪ

ತಾ.ಕ.: ಟಪಾಲಿನವನು ಕಾಯುತ್ತಿದ್ದಾನೆ. ಮಾಸನ್ನು ಬರಿಗೈಯಲ್ಲಿ ತೆಗೆದದ್ದು ನೀನೇ ಎಂದು ಭಾವನ ಕಾಗದದ ಕೊನೆಗಿತ್ತು. ಡಾಕ್ಟರು ಮಲೇರಿಯಾ ಎಂದು ಮಾತ್ರೆ ಕೊಡುತ್ತಿದ್ದಾರಂತೆ. ಕೊಟ್ಟಿಗೆಯ ವಿಷಯ ನೀನು ಹೇಳದೆ ಅವರಿಗೆ ಹೇಗೆ ತಿಳಿಯಬೇಕು? ಈ ಕಾಗದ ಕೈಗೆ ಬಂದ ದಿನವೇ ಹೋಗಿ ಎಲ್ಲ ಹೇಳು, ರಕ್ತ ಪರೀಕ್ಷೆ ಮಾಡಿಸು. ನಾನು ಕೇಳದೆ ಬಿಟ್ಟೆ, ಸರಿ. ಅವರು ಕೇಳಿದರೂ ಮುಚ್ಚಿಡುತ್ತೀಯೇನೇ ಅಕ್ಕಾ?