ಹಿಟ್ಟಿನ ಚೀಲದೊಳಗಿನ ಹ್ಯಾಂಡಲ್

ತಿಕೋಟಾ
ಗುರುವಾರ, ೧೪ ನವೆಂಬರ್ ೨೦೨೪

ಸಾನಿಯಾಳ ಅಬ್ಬಾ ಅವರಿಗೆ ಮಿನಾಜಳ ಸಲಾಂ.

ಚೀಲವನ್ನು ಬಬಲೇಶ್ವರಕ್ಕೆ ನಿಮ್ಮ ಅಕ್ಕ ಮಾಬುಬಿ ಆಪಾನ ಹೆಸರಿಗೆ ಕಳಿಸಿದ್ದೇನೆ. ಜೋಳದ ಹಿಟ್ಟು ಅವರಿಗೆ, ಹಿಟ್ಟಿನೊಳಗೆ ಹೂತಿಟ್ಟದ್ದು ನಿಮಗೆ. ಕೈ ಹಾಕಿದರೆ ಕಬ್ಬಿಣ ತಗಲುತ್ತದೆ. ಅದು ನಿಮ್ಮ ಅಜ್ಜ ಹುಸೇನಸಾಬರ ಹಳೇ ಮೋಟಾರು ಗಾಡಿಯನ್ನು ಮುಂದಿನಿಂದ ತಿರುವಿ ಚಾಲೂ ಮಾಡುವ ಹ್ಯಾಂಡಲ್. ಅದು ನಮ್ಮ ಮನೆಯಲ್ಲಿ ಉಳಿದರೆ ಇನ್ನು ನಾಲ್ಕು ದಿನದೊಳಗೆ ನಮ್ಮ ಮಗಳ ಕೈ ಮುರಿಯುತ್ತದೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಹಿಟ್ಟಿನ ಮೇಲೆ ಈ ಕಾಗದ.

ಹೋದ ಶುಕ್ರವಾರ ನಿಮ್ಮ ಕಾಕಾನ ಮೊಮ್ಮಗನ ಶಾದಿಗೆ ತಿಕೋಟಾಕ್ಕೆ ಬಂದಿರಿ. ನಮ್ಮ ಮನೆಗೆ ಬರಲಿಲ್ಲ, ಇರಲಿ, ಎರಡು ವರ್ಷ ನಾಲ್ಕು ತಿಂಗಳಿಂದ ಅದು ರೂಢಿಯಾಗಿದೆ. ಆದರೆ ಊಟದ ಪಂಕ್ತಿಯ ಹತ್ತಿರ ಸಾನಿಯಾ ಮುಂದೆ ಬಂದು ಸಲಾಂ ಹೇಳಿದಾಗ ನೀವು ಬೆನ್ನು ತಿರುಗಿಸಿದಿರಿ. ನಾಲ್ಕು ಮಂದಿ ನೋಡಿದರು. ಅವಳು ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ದುಪಟ್ಟಾ ಸರಿಮಾಡಿಕೊಂಡಳು. ನನಗೆ ಆ ಹೊತ್ತಿನಲ್ಲಿ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅವತ್ತಿನಿಂದ ಅವಳು ಸರಿಯಾಗಿ ಉಂಡಿಲ್ಲ. ಮಂಗಳವಾರ ಮಧ್ಯಾಹ್ನ ಮೋಟಾರಿನ ಶೆಡ್ಡಿನಿಂದ ಪೆಟ್ರೋಲ್ ವಾಸನೆ ಬಂತೆಂದು ಹೋಗಿ ನೋಡಿದೆ. ಎಲ್ಲ ತೊಳೆದು, ಒರೆಸಿ, ಪೆಟ್ರೋಲ್ ಹಾಕಿ, ಮೋಟಾರಿನ ಮುಂದೆ ಹ್ಯಾಂಡಲ್ ಹಿಡಿದು ಬಗ್ಗಿ ನಿಂತಿದ್ದಳು. ಸ್ಟೇರಿಂಗ್ ಕೆಳಗಿನ ಕಡ್ಡಿಯನ್ನು ಪೂರಾ ಕೆಳಗೆ ಎಳೆದಿಟ್ಟಿದ್ದಳು. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಮಡಚಿ ಬಿಗಿಯಾಗಿ ಹಿಡಿದಿದ್ದಳು. ನಾನು ಡ್ರೈವರ್ ಅಲ್ಲ, ಆದರೂ ಡ್ರೈವರನ ಹೆಂಡತಿ. ಕಡ್ಡಿ ಮೇಲಿದ್ದರೆ ಕಿಡಿ ತಡವಾಗಿ ಹಾರುತ್ತದೆ, ಕೆಳಗಿದ್ದರೆ ಮೊದಲೇ ಹಾರಿ ಹ್ಯಾಂಡಲ್ ಕತ್ತೆಯ ಹಾಗೆ ಹಿಂದಕ್ಕೆ ಒದೆಯುತ್ತದೆ, ಮಡಚಿದ ಹೆಬ್ಬೆರಳಿದ್ದರೆ ಮಣಿಕಟ್ಟನ್ನೂ ಕರೆದುಕೊಂಡು ಹೋಗುತ್ತದೆ ಎಂದು ನೀವೇ ನನಗೆ ನೂರು ಸಲ ಹೇಳಿದ್ದೀರಿ. ಅವಳಿಗೆ ಸಾವಿರ ಸಲ.

ಏನು ಮಾಡಾಕತ್ತೀಯೇ ಅಂದೆ. ಅವಳು ತಲೆ ಎತ್ತಲಿಲ್ಲ. "ಅಬ್ಬಾಂದು ಮುರದೈತಿ, ನಂದೂ ಮುರೀಲಿ. ಆವಾಗರ ಹೊಳ್ಳಿ ನೋಡ್ತಾರ" ಅಂದಳು. ಅದಾಗಲೇ ಎರಡು ಸಲ ಎಳೆದಿದ್ದಳಂತೆ, ಎಂಜಿನ್ ಚಾಲೂ ಆಗಿರಲಿಲ್ಲ. ನಾನು ಹ್ಯಾಂಡಲ್ ಕಸಿದುಕೊಂಡೆ, ಬೈದೆ, ಆಮೇಲೆ ಅಲ್ಲೇ ಕೂತು ಅತ್ತೆ. ಅವಳು ಅಳಲಿಲ್ಲ. ಎಲ್ಲಿ ಮುಚ್ಚಿಟ್ಟರೂ ಹುಡುಕಿ ತೆಗೀತೀನಿ ಅಂದಳು. ನಿಮ್ಮ ಮಗಳು, ತೆಗೆಯುತ್ತಾಳೆ.

ಆ ದಿನದ ಮಾತು ನಮ್ಮ ನಡುವೆ ಯಾರೂ ಆಡುವುದಿಲ್ಲ. ಇವತ್ತು ನಾನು ಆಡುತ್ತೇನೆ. ಬಕ್ರೀದ್ ಮರುದಿನ ವರ್ಷಕ್ಕೊಮ್ಮೆ ಮೋಟಾರು ಚಾಲೂ ಮಾಡುವುದು ನಿಮ್ಮ ಮನೆತನದ ಪದ್ಧತಿ. ಹ್ಯಾಂಡಲ್ ಹಿಡಿದವರು "ಕಡ್ಡಿ?" ಎಂದು ಕೂಗಬೇಕು, ಸ್ಟೇರಿಂಗ್ ಮುಂದೆ ಕೂತವರು ನೋಡಿ "ಮ್ಯಾಲ" ಅನ್ನಬೇಕು. ಹುಸೇನಸಾಬರ ಕಾಲದಿಂದ ಬಂದ ಕಟ್ಟಳೆ. ನೀವು ಕೂಗಿದಿರಿ. ಸಾನಿಯಾ ನೋಡದೆ "ಮ್ಯಾಲ" ಅಂದಳು, ಏಕೆಂದರೆ ಹಿಂದಿನ ಸಂಜೆ ಅವಳೇ ಕೈಯಾರೆ ಮೇಲೆ ಮಾಡಿಟ್ಟಿದ್ದಳು. ಕಡ್ಡಿ ಕೆಳಗಿತ್ತು, ಹ್ಯಾಂಡಲ್ ಹಿಂದಕ್ಕೆ ಒದ್ದು ನಿಮ್ಮ ಮಣಿಕಟ್ಟು ಮುರಿಯಿತು. ನೋಡದಿದ್ದದ್ದು ಅವಳ ತಪ್ಪು. ನೆಂಟರ ಮುಂದೆ ಜಂಬಕ್ಕೆ ಬಿದ್ದು ಹೆಬ್ಬೆರಳು ಮಡಚಿ ಹಿಡಿದದ್ದು ನಿಮ್ಮ ತಪ್ಪು, ಅದನ್ನೂ ಹೇಳಿಬಿಡುತ್ತೇನೆ. ಮನೆ ತುಂಬ ಮಂದಿ ಇದ್ದರು, ನಡುವೆ ಯಾರಾದರೂ ಕಡ್ಡಿ ಮುಟ್ಟಿರಬಹುದು. ನೀವು ಅದನ್ನು ಕೇಳಲೇ ಇಲ್ಲ. ಹುಡುಗಿ ಸುಳ್ಳು ಹೇಳ್ತಾಳ, ಹೆಣ್ಣಿನ ಕೈಯಾಗ ಮೋಟಾರು ಕೊಟ್ಟದ್ದ ತಪ್ಪಾತು ಅಂದಿರಿ, ಮನೆ ಬಿಟ್ಟು ಆಪಾನ ಮನೆ ಸೇರಿದಿರಿ. ಇಪ್ಪತ್ತಾರು ವರ್ಷ ಜೀಪು ಓಡಿಸಿದ ಕೈಗೆ ಈಗ ಚಹಾದ ಬಟ್ಟಲು ನಿಲ್ಲುವುದಿಲ್ಲ ಎಂದು ಆಪಾ ಹೇಳಿದ್ದಾರೆ. ನನಗೆ ಅದು ಎದೆಯಲ್ಲಿ ಮುಳ್ಳು. ಆದರೆ ಅವಳೂ ಅವತ್ತಿನಿಂದ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಿಲ್ಲ. ಹತ್ತನೇ ವಯಸ್ಸಿಗೆ ನಿಮ್ಮ ತೊಡೆಯ ಮೇಲೆ ಕೂತು ಗೇರ್ ಹಾಕಿದವಳು ಈಗ ವಿಜಯಪುರಕ್ಕೆ ಹೋಗಬೇಕೆಂದರೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ, ರಸ್ತೆ ಕಾಣಬಾರದೆಂದು.

ನೀವು ನಮ್ಮ ಮದುವೆಯ ಹೊಸದರಲ್ಲಿ ಹೇಳಿದ ಒಂದು ಮಾತು ನೆನಪಾಯಿತು. ಹುಸೇನಸಾಬರು ವಿಜಾಪುರದಿಂದ ಬಬಲೇಶ್ವರಕ್ಕೆ ಮೊದಲ ಮೋಟಾರು ಓಡಿಸುವಾಗ ಸಾರವಾಡದ ಹತ್ತಿರ ಡೋಣಿ ಹೊಳೆ ಅಡ್ಡ ಬರುತ್ತಿತ್ತು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಊರಿಗೆ ಖುಷಿ, ಇವರಿಗೆ ಮಾತ್ರ ಕೆಸರು. ಎತ್ತು ಕಟ್ಟಿ ಮೋಟಾರನ್ನು ಹೊಳೆ ದಾಟಿಸಬೇಕು. ಆಚೆ ದಂಡೆಯ ಏರಿನಲ್ಲಿ ಮೂಗು ಮೇಲಾದರೆ ಸೀಟಿನ ಕೆಳಗಿನ ಟಾಕಿಯಿಂದ ಪೆಟ್ರೋಲ್ ಎಂಜಿನ್ನಿಗೆ ಇಳಿಯದೆ ಮೋಟಾರು ನಿಂತುಬಿಡುತ್ತಿತ್ತು. ಅದಕ್ಕೆ ಮುದುಕರು ಮಂದಿಯನ್ನು ಇಳಿಸಿ, ಮೋಟಾರು ತಿರುಗಿಸಿ, ರಿವರ್ಸಿನಲ್ಲಿ ಏರು ಹತ್ತಿಸುತ್ತಿದ್ದರು. ಸಾರವಾಡದ ಮಂದಿ ಬದುವಿನ ಮೇಲೆ ನಿಂತು ನಗುತ್ತಿದ್ದರಂತೆ, ಸಾಬರ ಗಾಡಿ ಕುಂಡಿ ಮುಂದ ಮಾಡಿ ಬರ್ತೈತಿ ಎಂದು. ಮುದುಕರು ನಗುವವರಿಗೆ ಸಲಾಂ ಹೊಡೆದು ಮೇಲೆ ಬಂದುಬಿಡುತ್ತಿದ್ದರು.

ನಿಮಗೂ ಮುಖ ಮುಂದೆ ಮಾಡಿ ಬರುವುದು ಕಷ್ಟವಿದ್ದರೆ ಬೆನ್ನು ಮುಂದೆ ಮಾಡಿಯೇ ಬನ್ನಿ. ನಗುವವರು ನಗಲಿ. ನನ್ನ ಹತ್ತಿರ ಬೇರೆ ಉಪಾಯ ಉಳಿದಿಲ್ಲ. ಹ್ಯಾಂಡಲ್ ನಿಮ್ಮ ಹತ್ತಿರ ಇದೆ, ನೀವು ತರುವವರೆಗೆ ಮೋಟಾರು ಸುಮ್ಮನಿರುತ್ತದೆ. ಆದರೆ ಕೈ ಮುರಿದುಕೊಳ್ಳಲು ಮನಸ್ಸು ಮಾಡಿದವಳಿಗೆ ಮೋಟಾರೇ ಬೇಕೆಂದಿಲ್ಲ. ರಾತ್ರಿ ಅವಳ ಪಕ್ಕವೇ ಮಲಗುತ್ತಿದ್ದೇನೆ.

ನಿಮ್ಮ
ಮಿನಾಜ

ತಾ.ಕ.: ಹ್ಯಾಂಡಲಿಗೆ ಸುತ್ತಿರುವ ಹಳದಿ ಅರಿವೆಯನ್ನು ಬಿಚ್ಚಿ ನೋಡಿ, ಗುರುತು ಸಿಗುತ್ತದೆ. ಅವತ್ತು ನೀವು ನೆಲದಲ್ಲಿ ಕೂತು ಕೈ ಹಿಡಿದುಕೊಂಡು "ಕಡ್ಡಿ ಕೆಳಗ ಯಾರು ಮಾಡಿದ್ರು?" ಎಂದು ಒದರಿದಾಗ ನಾನು ಬಾಗಿಲಲ್ಲಿ ಇದೇ ಅರಿವೆ ಹಿಡಿದು ನಿಂತಿದ್ದೆ. ನೆಂಟರು ನೋಡುತ್ತಾರೆಂದು ಬೆಳಿಗ್ಗೆ ಮೋಟಾರಿನ ಧೂಳು ಒರೆಸಿದ್ದೆ. ಸ್ಟೇರಿಂಗ್ ಒರೆಸಿದೆ, ಆಮೇಲೆ ಕಡ್ಡಿಯನ್ನೂ ಒರೆಸಿದೆ, ಮೇಲಿನಿಂದ ಕೆಳಗೆ. ನೀವು ಕೇಳಿದ ಕ್ಷಣವೇ ನನಗೆ ಗೊತ್ತಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ನೀವು ಅವಳನ್ನು ಅಂದು ಮುಗಿಸಿದ್ದಿರಿ, ಆಮೇಲೆ ದಿನ ಕಳೆದಷ್ಟೂ ನಾಲಿಗೆ ಭಾರವಾಯಿತು. ಅವಳ ಮುಖ ನೋಡಿ ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಈ ಚೀಲ ಹೊತ್ತು ತಂದವಳು ಅವಳೇ. ಒಳಗೆ ಬರೀ ಹಿಟ್ಟಿದೆ ಅಂದುಕೊಂಡಿದ್ದಾಳೆ. ನಿಮ್ಮ ಎದುರು ಬರುವುದಿಲ್ಲ ಎಂದು ಹಟ ಹಿಡಿದಿದ್ದಾಳೆ, ನಾಲ್ಕೂವರೆ ಬಸ್ಸಿನ ತನಕ ಆಪಾನ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಾಳೆ. ಈ ಕಾಗದವನ್ನು ಅವಳಿಗೆ ಓದಿ ಹೇಳಿ.