ಹಲಗೆ ಕಿತ್ತರೆ ತಿರುಗದ ಮಿಷನ್

ಯಗಟಿ
ಸೋಮವಾರ, 8 ಸೆಪ್ಟೆಂಬರ್ 2025

ಲೇ ತಿಮ್ಮೇಶಾ,

ಪ್ರೀತಿಯ ತಮ್ಮನಿಗೆ ಅಂತ ಶುರು ಮಾಡೋಕೆ ಹೋದೆ, ಮನಸ್ಸು ಬರಲಿಲ್ಲ. ಹೆಂಗಿದ್ದೀಯಪ್ಪಾ, ಆರೋಗ್ಯವಾಗಿದ್ದೀಯಾ, ಹೊತ್ತಿಗೆ ಸರಿಯಾಗಿ ಉಣ್ತೀಯಾ ಅಂತ ಮೊದಲು ಕೇಳಬೇಕು, ಅದು ಪದ್ಧತಿ. ಆದ್ರೆ ಸತ್ತೋನಿಗೆ ಆರೋಗ್ಯ ಹೆಂಗೆ ಕೇಳೋದೋ? ಪ್ರತಿ ವರ್ಷ ಪಕ್ಷದ ಅಮಾಸೆಗೆ ತಾತ, ಅಜ್ಜಿ ಪಕ್ಕದಲ್ಲಿ ನಿನಗೂ ಒಂದು ಎಡೆ ಇಡ್ತಾ ಬಂದಿದ್ದೀವಿ ಕಣೋ. ಬಾಳೆ ಎಲೆ ಮೇಲೆ ಮುದ್ದೆ, ಕೋಳಿ ಸಾರು, ನಿನಗಿಷ್ಟ ಅಂತ ಕಜ್ಜಾಯ, ಪಕ್ಕಕ್ಕೆ ಒಂದು ಹೊಸ ಅಂಗಿ. ಆಮೇಲೆ ಹಿರೀಕರು ಬಂದು ಉಣ್ಣಲಿ ಅಂತ ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿ ಮೇಲೆ ಕೂತ್ಕೋತೀವಿ. ನಾವು ಹಂಗೆ ಕೂತು ಕಣ್ಣು ಒರೆಸ್ಕೊಳ್ಳೋವಾಗ ನೀನು ಅಲ್ಲೆಲ್ಲೋ ಸಾಂಗ್ಲಿ ಕಡೆ ಭಾಕ್ರಿ ಮುರಿದು ತಿಂತಿದ್ದೆ! ಇದನ್ನ ಬರೆಯೋವಾಗ ಸಿಟ್ಟೋ, ಸಂತೋಷವೋ ನನಗೇ ಗೊತ್ತಾಗ್ತಿಲ್ಲ. ಇರಲಿ, ಕೇಳ್ತೀನಿ. ಚೆನ್ನಾಗಿದ್ದೀಯಾ ತಮ್ಮಾ? ವಿಡಿಯೋದಲ್ಲಿ ತೀರಾ ಬಡವಾಗಿ ಕಂಡೆ.

ಸುದ್ದಿ ಮೊದಲಿಂದ ಹೇಳ್ತೀನಿ, ಇಲ್ಲದಿದ್ರೆ ನಿನ್ನ ಮೊಂಡು ತಲೆಗೆ ಹತ್ತಲ್ಲ. ನಮ್ಮೂರ ಹೆಂಗಸರ ಸಂಘ ಈಗ ಬರೀ ಉಳಿತಾಯದ ಸಂಘ ಅಲ್ಲ. ರಾಗಿ ಹಿಟ್ಟು, ಹುರಿಹಿಟ್ಟು, ಮಾಲ್ಟು ಮಾಡಿ ಕಡೂರಿನ ಅಂಗಡಿಗಳಿಗೆ ಹಾಕ್ತೀವಿ. ಸಾಮಾನು ಖರೀದಿ ಮಾಡೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ, ಚೌಕಾಸಿ ಮಾಡೋಕೆ ನನ್ನಷ್ಟು ಬಾಯಿ ಊರಲ್ಲಿ ಯಾರಿಗೂ ಇಲ್ಲವಂತೆ. ಈ ಸಲ ಸಂಘದ ಕಡೆಯಿಂದ ರಾಗಿ ಒಕ್ಕೋ ಮಿಷನ್ ತಗೊಂಡು ಸದಸ್ಯರಿಗೆ ಬಾಡಿಗೆ ಬಿಡೋಣ ಅಂತ ಮಾತು ಬಂತು. ನಾನು ಬೇಡ್ವೇ ಬೇಡ ಅಂತ ಎದ್ದು ನಿಂತು ಕೂಗಾಡಿದೆ. ಅಪ್ಪನ ಕೈ ನೋಡಿದೋರು ಯಾರಾದ್ರೂ ಆ ಮಿಷನ್ ಹೆಸರು ಎತ್ತುತಾರಾ? ಅದಕ್ಕೆ ಅಧ್ಯಕ್ಷೆ ಉಚ್ಚಂಗಮ್ಮ, ಟಾರ್ ರೋಡಿನ ಮೇಲೆ ತೆನೆ ಹರಡಿ ಬಸ್ಸಿನ ಚಕ್ರಕ್ಕೆ ಒಕ್ಕಣೆ ಬಿಡೋದು ಇನ್ನೆಷ್ಟು ದಿನ ಶಂಕರಮ್ಮಾ, ನಿನಗೆ ಭಯ ಇದ್ರೆ ನೀನೇ ಹುಡುಕಿ ಭಯ ಇಲ್ಲದ ಮಿಷನ್ ತಗೊಂಡ್ಬಾ ಅಂದ್ಬಿಟ್ಟಳು. ಬಾಯಿ ಮಾಡಿದ್ದಕ್ಕೆ ಕೆಲಸ ನನಗೇ ಸುತ್ಕೊಂತು.

ಈಗ ಮಿಷನ್ ಹುಡುಕೋದು ಅಂದ್ರೆ ಊರೂರು ಅಲೆಯೋದಲ್ಲ ಕಣೋ, ಮೊಬೈಲಲ್ಲೇ ಕ್ಯಾಟಲಾಗು. ನಿನಗೆ ಗೊತ್ತೇ ಇದೆ ಬಿಡು, ಅಲ್ಲೇ ಅಂಗಡಿ ಇಟ್ಕೊಂಡು ಕೂತಿದ್ದೀಯಲ್ಲ! ರಾಗಿ ಮಿಷನ್ ಅಂತ ಒತ್ತಿದ್ರೆ ಬಿಸ್ಕತ್ತು ಮಾಡೋ ಮಿಷನ್ ಬಂತು, ದೋಸೆ ಹಿಟ್ಟು ರುಬ್ಬೋದು ಬಂತು, ಮಗುವಿಗೆ ತಿನ್ನಿಸೋ ಪುಡಿ ಡಬ್ಬಿ ಬಂತು. ಒಕ್ಕೋ ಮಿಷನ್ನು ಎಲ್ಲಪ್ಪಾ ಅಂತ ಇಂಗ್ಲಿಷಲ್ಲಿ ಬರೆದೆ, ಆಗ ನೂರಾರು ಬಂದ್ವು. ಒಂದೇ ಫೋಟೋನ ಹತ್ತು ಜನ ಹಾಕಿದ್ದಾರೆ, ಒಬ್ಬೊಬ್ಬರದು ಒಂದೊಂದು ರೇಟು. ಕೆಲವರು ರೇಟೂ ಹಾಕಲ್ಲ, ಫೋನ್ ಮಾಡಿ ಕೇಳಿ ಅಂತಾರೆ. ಹತ್ತಿರದ ಮಾರಾಟಗಾರರು ಅಂತ ಒತ್ತಿದ್ರೆ ಅಜ್ಜಂಪುರ ಅಂತ ತೋರಿಸ್ತು. ಬಿಸಿಲಲ್ಲಿ ಎರಡು ಬಸ್ ಬದಲಾಯಿಸಿ ಹೋದೆ ಕಣೋ, ಆ ವಿಳಾಸದಲ್ಲಿ ಕಟಿಂಗ್ ಶಾಪ್ ಇದೆ! ಪಾಪ ಆ ಯಪ್ಪ ಕತ್ತರಿ ಕೈಯಲ್ಲಿ ಹಿಡ್ಕೊಂಡೇ ಬಾಗಿಲಿಗೆ ಬಂದು, ನೀವೂ ಮಿಷನ್ ಕೇಳೋಕೆ ಬಂದ್ರಾ ತಾಯೀ ಅಂತ ಹಣೆ ಚಚ್ಕೊಂಡ. ಒಂದೇ ಒಂದು ಕಡೆ ನನ್ನ ನಂಬರ್ ಕೊಟ್ಟಿದ್ದೆ, ಅವತ್ತಿಂದ ರಾಜಕೋಟ್, ಕೊಯಮತ್ತೂರು, ಲುಧಿಯಾನ ಎಲ್ಲಾ ಕಡೆಯಿಂದ ಮೇಡಂಜೀ ಮೇಡಂಜೀ ಅಂತ ಫೋನು. ಸಾಕಪ್ಪಾ ಸಾಕು, ತಲೆ ಚಿಟ್ಟು ಹಿಡಿದುಹೋಯ್ತು.

ಮೊನ್ನೆ ಗುರುವಾರ ಮಧ್ಯಾಹ್ನ ಸಂಘದ ಕೋಣೇಲಿ ಹುರಿದ ರಾಗಿ ಮೊರಕ್ಕೆ ಸುರಿದು ಆರೋಕೆ ಬಿಟ್ಟು, ಮತ್ತೆ ಮೊಬೈಲ್ ಹಿಡ್ಕೊಂಡು ಕೂತೆ. ಎಲ್ಲರೂ ನಮ್ಮದು ಭಾರೀ ಜೋರು, ಗಂಟೆಗೆ ಇಷ್ಟು ಕ್ವಿಂಟಾಲು ಅಂತ ಕೊಚ್ಕೊಂಡಿದ್ರೆ, ಒಬ್ಬ ಪುಣ್ಯಾತ್ಮ ಇಂಗ್ಲಿಷಲ್ಲಿ ಹೀಗೆ ಹಾಕಿದ್ದ. ಇದು ನಿಧಾನದ ಮಿಷನ್. ಅವಸರ ಇರೋರು ಬೇರೆ ತಗೊಳ್ಳಿ. ಬಾಯಿಗೆ ಅಡ್ಡ ಇರೋ ಹಲಗೆ ಕಿತ್ತರೆ ಮೋಟಾರ್ ತಿರುಗಲ್ಲ. ನನ್ನ ಪಿಯುಸಿ ಇಂಗ್ಲಿಷ್ ಮೇಲೆ ನನಗೇ ಅನುಮಾನ ಬಂದು ಇನ್ನೊಂದು ಸಲ ಓದಿದೆ. ಹಿಂಗೆ ಬೈಕೊಂಡು ಯಾವನಪ್ಪಾ ವ್ಯಾಪಾರ ಮಾಡ್ತಾನೆ ಅಂತ ನಗ್ತಾನೇ ಅದರ ವಿಡಿಯೋ ಒತ್ತಿದೆ. ಯಾರೋ ಒಬ್ಬ ಗಡ್ಡದೋನು ಕ್ಯಾಮೆರಾಗೆ ಬೆನ್ನು ಹಾಕಿ ನಿಂತು ಹಿಂದೀಲಿ ವಿವರಿಸ್ತಿದ್ದ. ರಾಗಿ ತೆನೆ ಕಟ್ಟಿನ ಸಿವುಡನ್ನ ತಟ್ಟೆ ಮೇಲಿಡು, ಮುಚ್ಚಳ ಹಾಕು, ಈಚೆಗೆ ಬಂದು ಎರಡೂ ಕೈಯಲ್ಲಿ ಎರಡು ಹಿಡಿ ಒತ್ತು, ಆಗ ಮಾತ್ರ ಒಳಕ್ಕೆ ಎಳ್ಕೊಳ್ಳುತ್ತೆ. ಒಂದು ಕೈ ಬಿಟ್ಟು ತೋರಿಸಿದ, ಗಕ್ಕನೆ ನಿಂತುಹೋಯ್ತು. ಮತ್ತೆ ಚಾಲೂ ಮಾಡೋವಾಗ ಮೋಟಾರ್ ಸ್ವಲ್ಪ ಗೊಣಗಿತು. ಅವನು ಅದರ ಪಕ್ಕೆ ತಟ್ಟಿ, ಹೂಂ, ನಡಿಯವ್ವಾ, ನಡಿ ಅಂದ.

ಅಯ್ಯೋ ಶಿವನೇ! ಮೊಬೈಲು ಜಾರಿ ರಾಗಿ ಮೊರದೊಳಕ್ಕೆ ಬಿತ್ತು. ಕುರಿಗಳನ್ನ ಹಟ್ಟಿಯಿಂದ ಬಿಡೋವಾಗ ಹಿಂದುಳಿದ ಕುರಿಯ ಬೆನ್ನು ತಟ್ಟಿ ಹಂಗನ್ನೋನು ಭೂಮಿ ಮೇಲೆ ಒಬ್ಬನೇ, ಅವನಿಗೆ ನಾನು ಎಡೆ ಇಟ್ಟಿದ್ದೀನಿ. ದೆವ್ವ ಗಿವ್ವ ಅಂತ ಒಂದು ಕ್ಷಣ ಅಂದ್ಕೊಂಡೆ, ಸುಳ್ಳು ಯಾಕೆ ಹೇಳಲಿ. ಬಾಯಿಗೆ ಸೆರಗು ತುರುಕ್ಕೊಂಡು ಮತ್ತೆ ಮತ್ತೆ ಹಾಕಿ ನೋಡಿದೆ. ಕೊನೇಲಿ ಒಂದು ಗಳಿಗೆ ಮುಖ ತಿರುಗಿಸ್ತೀಯ ನೋಡು, ಅಲ್ಲಿ ನಿಲ್ಲಿಸಿದೆ. ಗಡ್ಡ ಬಿಟ್ಟರೇನು, ಅದು ಅವ್ವನ ಮೂಗೇ.

ಪುಟದಲ್ಲಿದ್ದ ನಂಬರಿಗೆ ಆಗಲೇ ಫೋನ್ ಮಾಡಿದೆ. ಹಲೋ ಅಂದೆಯಲ್ಲ, ಅದೇ ದನಿ. ಎರಡನೇ ಸಲ ಹಲೋ ಅಂದಾಗ ಲೇ ತಿಮ್ಮೇಶಾ, ನಾನು ಕಣೋ, ಅಕ್ಕ ಅಂದೆ. ಮಿಷನ್ ಸದ್ದು ಕೇಳಿಸ್ತಿತ್ತು, ನೀನು ಉಸಿರಾಡೋದೂ ಕೇಳಿಸ್ತಿತ್ತು. ಆಮೇಲೆ ಕಟ್. ಅವತ್ತಿಂದ ನೂರು ಸಲ ಮಾಡಿದ್ದೀನಿ, ಸ್ವಿಚ್ ಆಫ್. ಪಾಪಿ ನನ್ಮಗನೇ, ಬದುಕಿದ್ದೀನಿ ಅನ್ನೋಕೆ ಒಂದು ಮಾತೂ ಇರಲಿಲ್ವೇನೋ ನಿನ್ನ ಹತ್ರ? ಅದಕ್ಕೇ ಈ ಕಾಗದ. ಸಾಂಗ್ಲಿಯ ವಿಳಾಸ ಆ ಕ್ಯಾಟಲಾಗಿಂದಲೇ ಇಳಿಸ್ಕೊಂಡೆ. ಅದರಲ್ಲಿ ಕೊಟ್ಟಿದ್ದ ಶೆಡ್ಡಿನ ಓನರ್ ಹೆಸರಿಗೆ ರಿಜಿಸ್ಟರ್ ಮಾಡಿ, ಒಳಗೆ ನಿನ್ನ ಹೆಸರು ಬರೆದು ಕಳಿಸ್ತಿದ್ದೀನಿ. ಫೋನ್ ಕಟ್ ಮಾಡಿದಂಗೆ ಇದನ್ನ ಕಟ್ ಮಾಡೋಕಾಗಲ್ಲ.

ನೀನು ಯಾಕೆ ಹೋದೆ ಅಂತ ನನಗೆ ಗೊತ್ತು. ನಮ್ಮ ಹಳೇ ಮಿಷನ್ನಿಗೆ ನೀನೇ ಹಲಗೆ ಬಡಿದಿದ್ದೆ, ಬಾಯಿಗೆ ಕೈ ಹೋಗದೇ ಇರಲಿ ಅಂತ. ಅವತ್ತು ಕಣದಲ್ಲಿ ನೀನು ಮಿಷನ್ನಿಗೆ ಬೆನ್ನು ಹಾಕಿ ಟ್ರ್ಯಾಕ್ಟರ್ ಮೇಲಿದ್ದೆ, ಅಪ್ಪ ಸಿವುಡು ಕೊಡ್ತಿದ್ದ. ಬಲಗೈ ಒಳಗೆ ಹೋಯ್ತು. ಹೆಬ್ಬೆರಳು ಬಿಟ್ಟು ಏನೂ ಉಳೀಲಿಲ್ಲ. ಹಲಗೆ ದೂರ ಬಿದ್ದಿತ್ತು. ಮೊಳೆ ಗಟ್ಟಿಯಾಗಿ ಹೊಡೆದಿಲ್ಲ, ಅದುರಿ ಬಿಚ್ಕೊಂಡಿದೆ ಅಂತ ಕಣದಲ್ಲಿದ್ದೋರೆಲ್ಲ ಅಂದ್ರು. ಚಿಕ್ಕಪ್ಪ ಸಣ್ಣಬೀರಪ್ಪ ಎಲ್ಲರೆದುರಿಗೆ, ನಿನ್ನ ರಿಪೇರಿ ನಿಮ್ಮಪ್ಪನ ಕೈ ತಿಂತಲ್ಲೋ ಅಂದ. ಅಪ್ಪನ್ನ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ, ಕಣ್ಣು ಬಿಡೋದಕ್ಕೆ ಮುಂಚೆ ನೀನು ಹೊರಟುಹೋದೆ. ಆಮೇಲೆ ಹೆಬ್ಬೆ ಜಲಪಾತದ ಬಂಡೆ ಮೇಲೆ ನಿನ್ನ ಚಪ್ಪಲಿ, ಮೊಬೈಲು ಸಿಕ್ಕಿದೆ ಅಂತ ತರೀಕೆರೆಯಿಂದ ಸುದ್ದಿ ಬಂತು. ತಿಂಗಳುಗಟ್ಟಲೆ ಹುಡುಕಿದ್ರು, ಹೆಣ ಸಿಗಲಿಲ್ಲ. ಮಾರನೇ ಪಕ್ಷಕ್ಕೆ ಕುಲದ ಹಿರಿಯರು ಇನ್ನು ಎಡೆ ಇಡದೇ ಇದ್ರೆ ಅವನ ಜೀವ ಅಲೆಯುತ್ತೆ ಅಂದ್ರು, ಅವ್ವ ಹೂಂ ಅಂದಳು. ಆ ಚಪ್ಪಲಿ ಯಾಕೆ ಬಿಟ್ಟು ಹೋದೆ, ಹಾರೋಕೆ ಹೋಗಿ ಮನಸ್ಸು ಬದಲಾಯಿಸಿದ್ಯಾ, ನಾನು ಕೇಳಲ್ಲ.

ಅಪ್ಪ ಮಾತ್ರ ಒಂದು ವರ್ಷಾನೂ ನಿನ್ನ ಎಡೆ ಮುಂದೆ ಕೂತಿಲ್ಲ. ಅಮಾಸೆ ಬೆಳಗ್ಗೇನೇ ಕಂಬಳಿ ಹೆಗಲಿಗೆ ಹಾಕ್ಕೊಂಡು ಹೊಲದ ಕಡೆ ಹೋಗ್ಬಿಡ್ತಾನೆ, ದೀಪ ಹಚ್ಚೋ ಹೊತ್ತಿಗೆ ಬರ್ತಾನೆ. ಮಗನ ಮೇಲೆ ಸಿಟ್ಟು ಇನ್ನೂ ಆರಿಲ್ಲ ಅಂತ ಊರೆಲ್ಲ ಮಾತಾಡ್ಕೊಂತು, ನಾನೂ ಹಂಗೇ ಅಂದ್ಕೊಂಡಿದ್ದೆ. ಮೊದಲೇ ಮಾತು ಕಮ್ಮಿ ಮನುಷ್ಯ, ಈಗ ಹೂಂ, ಊಹೂಂ ಅಷ್ಟೇ. ಎಡಗೈಯಲ್ಲಿ ಮುದ್ದೆ ಮುರಿದು ಉಣ್ಣೋದು ಕಲ್ತಿದ್ದಾನೆ. ಅವ್ವನಿಗೆ ಮಂಡಿ ನೋವು, ಮಿಕ್ಕಂಗೆ ಗಟ್ಟಿ ಇದ್ದಾಳೆ.

ಇನ್ನೂ ಯಾರಿಗೂ ಹೇಳಿಲ್ಲ ಕಣೋ. ಒಂದೇ ಮನೇಲಿದ್ರೂ ನಿಮ್ಮ ಭಾವನಿಗೂ ಹೇಳಿಲ್ಲ. ಹೇಳಿ, ನೀನು ಬರಲ್ಲ ಅಂದ್ರೆ, ಅವ್ವನ ಪಾಲಿಗೆ ನಿನ್ನ ಎರಡನೇ ಸಲ ಸಾಯಿಸಿದಂಗಾಗುತ್ತೆ. ಆ ಭಯಕ್ಕೆ ಬಾಯಿ ಹೊಲ್ಕೊಂಡಿದ್ದೀನಿ. ಆದ್ರೆ ಇವತ್ತು ಪಕ್ಷ ಶುರುವಾಯ್ತು, ಬರೋ ಭಾನುವಾರದ ಆಚೆ ಭಾನುವಾರ ಅಮಾಸೆ. ಬದುಕಿರೋನಿಗೆ ಅಂತ ಗೊತ್ತಿದ್ದೂ ನಾನು ಹೆಂಗೋ ಎಲೆ ಹಾಕಲಿ? ಹಾಕಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಅದಕ್ಕೆ ಅಮಾಸೆ ಒಳಗೆ ನೀನು ನಮ್ಮ ಬಾಗಿಲಿಗೆ ಬರಬೇಕು. ಮಿಷನ್ ತಗೊಂಡು ಬರ್ತೀಯೋ, ಬರಿಗೈಲಿ ಬರ್ತೀಯೋ, ನಿನ್ನಿಷ್ಟ. ಗಡ್ಡ ತೆಗೆದು ಬಾ, ಅವ್ವ ಹೆದರ್ಕೊತಾಳೆ.

ನಿನಗೆ ಅಲ್ಲಿ ಹೆಂಡತಿ ಮಕ್ಕಳಿದ್ರೆ ಅವರಿಗೂ ನನ್ನ ಆಶೀರ್ವಾದ. ಇಲ್ಲದಿದ್ರೆ ನಿನಗೊಬ್ಬನಿಗೇ ಪೂರ್ತಿ ಇಟ್ಕೋ. ಮನೆದೇವರು ಬೀರಪ್ಪ ನಿನ್ನ ಕಾಲನ್ನ ಈ ಕಡೆಗೆ ತಿರುಗಿಸಲಿ.

ನಿನ್ನ ಅಕ್ಕ,
ಶಂಕರಮ್ಮ

ವಿ.ಸೂ.: ಕವರ್ ಅಂಟಿಸೋಕೆ ಮುಂಚೆ ಇನ್ನೊಂದು ಸಲ ನೋಡೋಣ ಅಂತ ಆ ವಿಡಿಯೋ ಹಾಕ್ಕೊಂಡೆ. ಅಪ್ಪ ಯಾವಾಗ ಬಂದು ಹಿಂದೆ ನಿಂತಿದ್ನೋ ಗೊತ್ತಿಲ್ಲ. ನಿನ್ನ ದನಿ ಕೇಳಿ ನನ್ನ ಪಕ್ಕಕ್ಕೇ ಬಂದು ಕೂತ. ನನ್ನ ಕೈ ಹಿಡ್ಕೊಂಡು, ವಿಡಿಯೋ ಕೆಳಗೆ ಏನು ಬರೆದಿದ್ದಾನೆ ಓದು ಅಂದ. ಓದಿ ಕನ್ನಡದಲ್ಲಿ ಹೇಳಿದೆ. ಹಲಗೆ ಕಿತ್ತರೆ ತಿರುಗಲ್ಲ ಅನ್ನೋ ಮಾತು ಬಂತು ನೋಡು, ಹೋ ಅಂತ ಬಾಯಿಬಿಟ್ಟು ಅತ್ತುಬಿಟ್ಟ. ಅಪ್ಪ ಅಳೋದನ್ನ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವ್ವ ಒಲೆ ಬಿಟ್ಟು ಓಡಿ ಬಂದಳು, ಎಲ್ಲಾ ಗೊತ್ತಾಗೋಯ್ತು. ಅವಳೀಗ ಮೊಬೈಲು ಎದೆಗವಚ್ಕೊಂಡು ಕೂತಿದ್ದಾಳೆ, ಕೊಡ್ತಾನೇ ಇಲ್ಲ. ಕಡೂರಿನ ಬಸ್ಸು ಬರೋ ಹೊತ್ತಾಯ್ತು, ಪೋಸ್ಟಾಫೀಸು ಮುಚ್ಚೋದರೊಳಗೆ ಹೋಗಬೇಕು, ಅದಕ್ಕೆ ಅಪ್ಪ ಹೇಳಿದ್ದನ್ನ ಹಂಗೇ ಬರೀತೀನಿ. ಮೋಡ ಕಟ್ಟಿತ್ತಂತೆ, ಹಲಗೆ ಇದ್ರೆ ತಡ ಆಗುತ್ತೆ ಅಂತ, ನೀನು ಡೀಸೆಲ್ ತರೋಕೆ, ಮಿಕ್ಕೋರು ಊಟಕ್ಕೆ ಹೋದಾಗ ಅಪ್ಪನೇ ಅದನ್ನ ಕಿತ್ತು ಹಾಕಿದ್ದಂತೆ. ಆಸ್ಪತ್ರೇಲಿ ಎಚ್ಚರ ಆದ ತಕ್ಷಣ ನಿನಗೆ ಹೇಳೋಣ ಅಂದ್ರೆ ನೀನಿರಲಿಲ್ಲ. ಚಪ್ಪಲಿ ಸಿಕ್ಕಿದ ಮೇಲೆ, ನನ್ನ ತಪ್ಪಿಗೆ ಮಗ ಹೋದ ಅಂತ ಯಾರ ಮುಖ ನೋಡಿ ಹೇಳಲಿ ಅಂತ ಬಾಯಿ ಕಟ್ಟೋಯ್ತಂತೆ. ನಿನ್ನ ಮೊಳೆ ಗಟ್ಟಿಯಾಗೇ ಇತ್ತಂತೆ ಕಣೋ ತಮ್ಮಾ. ಹಾರೆ ಹಾಕಿ ಮೀಟಬೇಕಾಯ್ತಂತೆ.